ಸಿಂಹದರ್ಬಾರಿನ ಅಧಿಕಾರ ಹಳ್ಳಿಗೆ ಬಂತಾ? ಯುದ್ಧ ಮುಗಿದ ನೇಪಾಳದ ಒಕ್ಕೂಟದ ಕಥೆ

2025ರ ಸೆಪ್ಟೆಂಬರ್ 8ರಂದು ಕಾಠ್ಮಂಡುವಿನ ಬೀದಿಗಿಳಿದವರಲ್ಲಿ ಬಹಳಷ್ಟು ಮಂದಿ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಸರ್ಕಾರ 26 ಸೋಷಿಯಲ್ ಮೀಡಿಯಾ ತಾಣಗಳನ್ನು ಬಂದ್ ಮಾಡಿತ್ತು, ಭ್ರಷ್ಟಾಚಾರದ ಮೇಲಿನ ಸಿಟ್ಟು ಅದಕ್ಕೂ ಮೊದಲೇ ಕುದಿಯುತ್ತಿತ್ತು. ಆ ಒಂದೇ ದಿನ 19 ಜನ ಸತ್ತರು. ಮರುದಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಸಂಸತ್ ಭವನ, ಸುಪ್ರೀಂ ಕೋರ್ಟ್, ಕೇಂದ್ರ ಸಚಿವಾಲಯವಾದ ಸಿಂಹದರ್ಬಾರ್ ಎಲ್ಲಕ್ಕೂ ಬೆಂಕಿ ಬಿತ್ತು. 12ನೇ ತಾರೀಖು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು, ಸಂಸತ್ತಿನ ಕೆಳಮನೆ ವಿಸರ್ಜನೆಯಾಯಿತು, 2026ರ ಮಾರ್ಚ್ 5ಕ್ಕೆ ಚುನಾವಣೆ ನಿಗದಿಯಾಯಿತು.

ಇಷ್ಟು ನಾವೆಲ್ಲ ಟಿವಿಯಲ್ಲಿ ನೋಡಿದ್ದೇ. ನೋಡದೇ ಉಳಿದದ್ದು ಇನ್ನೊಂದು. ರಾಜಧಾನಿಯಲ್ಲಿ ಕೆಳಮನೆಯೂ ಇಲ್ಲ, ಹಳೇ ಮಂತ್ರಿಗಳೂ ಇಲ್ಲ ಅನ್ನುವ ಹೊತ್ತಲ್ಲಿ ದೇಶದ 753 ಸ್ಥಳೀಯ ಸರ್ಕಾರಗಳು, 7 ಪ್ರಾಂತ್ಯ ಸರ್ಕಾರಗಳು ಕಾನೂನಿನ ಲೆಕ್ಕದಲ್ಲಿ ಹಾಗೇ ಇದ್ದವು. ಹಲವು ಕಡೆ ಅವುಗಳ ಕಚೇರಿಗಳಿಗೂ ಬೆಂಕಿ ಬಿದ್ದಿತ್ತು, ಆದರೆ ಮೇಯರ್ ಮೇಯರ್ ಆಗೇ ಇದ್ದರು, ವಾರ್ಡ್ ಅಧ್ಯಕ್ಷರು ತಮ್ಮ ಸೀಟಿನಲ್ಲೇ ಇದ್ದರು. ಅದರ ಜೊತೆಗೇ ನೇಪಾಳದಲ್ಲಿ ಹಳೇ ಪ್ರಶ್ನೆಯೊಂದು ಮತ್ತೆ ಜೋರಾಯಿತು: ಈ ಏಳು ಪ್ರಾಂತ್ಯಗಳು ನಮಗೆ ಬೇಕಾ? ಇಷ್ಟೊಂದು ಮುಖ್ಯಮಂತ್ರಿಗಳು, ಮಂತ್ರಿಗಳು, ಕಾರುಗಳು ಯಾಕೆ?

ಈ ಪ್ರಶ್ನೆ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕೆಂದರೆ ನೇಪಾಳದಲ್ಲಿ ಪ್ರಾಂತ್ಯಗಳು ಆಡಳಿತದ ಅನುಕೂಲಕ್ಕೆ ಅಂತ ಸುಮ್ನೆ ಹುಟ್ಟಿದವಲ್ಲ. ಒಂದು ಯುದ್ಧ ನಿಲ್ಲಿಸಲು ಕೊಟ್ಟ ಮಾತಿನ ಭಾಗ ಅವು.

ಮೊದಲು ಒಂದೆರಡು ಪದ

ಏಕಾತ್ಮಕ ವ್ಯವಸ್ಥೆ ಅಂದರೆ ಅಧಿಕಾರವೆಲ್ಲ ಒಂದೇ ಕಡೆ. ರಾಜಧಾನಿ ಮನಸ್ಸು ಮಾಡಿದರೆ ಜಿಲ್ಲೆಗೆ ಸ್ವಲ್ಪ ಕೊಡುತ್ತದೆ, ಬೇಡ ಅನಿಸಿದರೆ ವಾಪಸ್ ತಗೊಳ್ಳುತ್ತದೆ. ಒಕ್ಕೂಟ ವ್ಯವಸ್ಥೆಯಲ್ಲಿ ಹಾಗಲ್ಲ. ಯಾವ ಅಧಿಕಾರ ಯಾರದು ಅಂತ ಸಂವಿಧಾನದಲ್ಲೇ ಬರೆದಿರುತ್ತದೆ, ಕೇಂದ್ರ ಒಬ್ಬಂಟಿಯಾಗಿ ಅದನ್ನು ಕಿತ್ತುಕೊಳ್ಳುವ ಹಾಗಿಲ್ಲ.

ನಮಗೆ ಕೇಂದ್ರ, ರಾಜ್ಯ ಅನ್ನುವುದು ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ. ಜಿಎಸ್‌ಟಿ ಪಾಲು ಬಂದಿಲ್ಲ, ಬರ ಪರಿಹಾರ ಕೊಟ್ಟಿಲ್ಲ ಅಂತ ಬೆಂಗಳೂರು ಮತ್ತು ದೆಹಲಿ ಜಗಳ ಆಡುವುದನ್ನು ನೋಡುತ್ತಲೇ ಇರುತ್ತೇವೆ. ನೇಪಾಳಕ್ಕೆ ಇದು ಹೊಸದು. ಅಲ್ಲಿ ಮೊದಲ ಪ್ರಾಂತ್ಯ ಸರ್ಕಾರಗಳಿಗೆ ಚುನಾವಣೆ ನಡೆದದ್ದೇ 2017ರ ಕೊನೆಯಲ್ಲಿ.

ಇನ್ನು ಶಾಂತಿ ಕಟ್ಟುವುದು. ಗುಂಡಿನ ಸದ್ದು ನಿಂತರೆ ಯುದ್ಧ ನಿಂತಿತು, ಅಷ್ಟೇ. ಯಾವ ಕಾರಣಕ್ಕೆ ಜನ ಬಂದೂಕು ಹಿಡಿದರೋ ಆ ಕಾರಣವನ್ನು ಸರಿಮಾಡುವುದು, ಹೊಡೆದಾಡಿದವರು ಒಂದೇ ಊರಿನಲ್ಲಿ ಬಾಳುವ ಹಾಗೆ ಮಾಡುವುದು, ಸತ್ತವರ ಮನೆಯವರಿಗೆ ಉತ್ತರ ಕೊಡುವುದು ಬೇರೆಯೇ ಕೆಲಸ. ಅದಕ್ಕೆ ಹಿಡಿಯುವುದು ದಶಕಗಳು.

ಯುದ್ಧ ಯಾಕಾಯಿತು?

ನೇಪಾಳದ ಜನಸಂಖ್ಯೆ ಸುಮಾರು 2.9 ಕೋಟಿ, ಅಂದರೆ ಕರ್ನಾಟಕದ ಅರ್ಧಕ್ಕೂ ಕಡಿಮೆ. ಆದರೆ 2021ರ ಜನಗಣತಿ ಅಲ್ಲಿ 142 ಜಾತಿ ಮತ್ತು ಜನಾಂಗಗಳನ್ನೂ 124 ಮಾತೃಭಾಷೆಗಳನ್ನೂ ಲೆಕ್ಕ ಹಾಕಿದೆ. ಉತ್ತರದಲ್ಲಿ ಹಿಮಾಲಯ, ನಡುವೆ ಗುಡ್ಡಗಾಡು, ದಕ್ಷಿಣದಲ್ಲಿ ಬಿಹಾರ ಮತ್ತು ಉತ್ತರ ಪ್ರದೇಶಕ್ಕೆ ಅಂಟಿಕೊಂಡ ಬಯಲು. ಈ ಬಯಲನ್ನು ತರಾಯಿ ಅನ್ನುತ್ತಾರೆ, ಮಧೇಶ್ ಅಂತಲೂ ಅನ್ನುತ್ತಾರೆ. ದೇಶದ ಅರ್ಧಕ್ಕಿಂತ ಜಾಸ್ತಿ ಜನ ಇರುವುದು ಇಲ್ಲೇ.

ಆದರೆ ಆಡಳಿತ ನಡೆಸಿದವರು ಯಾವಾಗಲೂ ಹೆಚ್ಚುಕಮ್ಮಿ ಒಂದೇ ಗುಂಪು: ಗುಡ್ಡದ ಮೇಲ್ಜಾತಿಯ, ನೇಪಾಳಿ ಮಾತಾಡುವ ಗಂಡಸರು. 1960ರಿಂದ 1990ರವರೆಗೆ ರಾಜನ ಪಂಚಾಯತ್ ಆಡಳಿತ ಇತ್ತು. ಹೆಸರು ಪಂಚಾಯತ್ ಆದರೂ ಪಕ್ಷಗಳಿಗೆ ನಿಷೇಧ. ಒಂದು ರಾಜ, ಒಂದು ಭಾಷೆ, ಒಂದು ವೇಷ ಅನ್ನುವುದು ಆಗಿನ ಘೋಷಣೆ. ಮೈಥಿಲಿ, ಥಾರೂ, ತಮಾಂಗ್, ಲಿಂಬು ಮಾತಾಡುವ ಮಗು ಶಾಲೆಗೆ ಹೋದರೆ ಮೊದಲ ದಿನದಿಂದಲೇ ಪರಭಾಷೆ.

1990ರಲ್ಲಿ ಬಹುಪಕ್ಷ ಪ್ರಜಾಪ್ರಭುತ್ವ ಬಂತು, ಅಧಿಕಾರ ಮಾತ್ರ ಕಾಠ್ಮಂಡು ಕಣಿವೆ ಬಿಟ್ಟು ಕದಲಲಿಲ್ಲ. ದೂರದ ಜಿಲ್ಲೆಗಳಲ್ಲಿ ರಸ್ತೆ ಇಲ್ಲ, ಡಾಕ್ಟರ್ ಇಲ್ಲ. 1996ರ ಫೆಬ್ರವರಿ 4ರಂದು ಮಾವೋವಾದಿಗಳ ಪರವಾಗಿ ಬಾಬುರಾಮ್ ಭಟ್ಟರಾಯ್ ಆಗಿನ ಪ್ರಧಾನಿ ಶೇರ್ ಬಹಾದುರ್ ದೇವುಬಾ ಅವರಿಗೆ 40 ಬೇಡಿಕೆಗಳ ಪಟ್ಟಿ ಕೊಟ್ಟರು. ಅದರಲ್ಲಿ ಮೊದಲ ಬೇಡಿಕೆಗಳಲ್ಲಿ ಹೆಚ್ಚಿನವು ಭಾರತದ ಬಗ್ಗೆಯೇ, 1950ರ ಭಾರತ-ನೇಪಾಳ ಸ್ನೇಹ ಒಪ್ಪಂದ ರದ್ದು ಮಾಡಿ ಅನ್ನುವುದರಿಂದ ಶುರು! ಆದರೆ ಒಳಗೆ ಇನ್ನೆರಡು ಇದ್ದವು. ಯಾವ ಜನಾಂಗ ಎಲ್ಲಿ ಬಹುಸಂಖ್ಯಾತವೋ ಅಲ್ಲಿ ಅವರಿಗೆ ಸ್ವಾಯತ್ತ ಸರ್ಕಾರ ಕೊಡಿ, ಗುಡ್ಡ ಮತ್ತು ಬಯಲಿನ ನಡುವಿನ ತಾರತಮ್ಯ ನಿಲ್ಲಿಸಿ ಅನ್ನುವುದು. ಫೆಬ್ರವರಿ 13ಕ್ಕೆ ದಾಳಿ ಶುರುವಾಗೇ ಬಿಟ್ಟಿತು. ರೋಲ್ಪಾ, ರುಕುಂ ಜಿಲ್ಲೆಗಳು ಯುದ್ಧದ ತವರಾದವು.

ಹತ್ತು ವರ್ಷ. 17,000ಕ್ಕೂ ಹೆಚ್ಚು ಸಾವು. 1,300ಕ್ಕೂ ಹೆಚ್ಚು ಜನ ಎಲ್ಲಿಗೆ ಹೋದರು ಅಂತ ಇವತ್ತಿಗೂ ಗೊತ್ತಿಲ್ಲ. ಕೆಲವರನ್ನು ಸೇನೆ ಎಳೆದುಕೊಂಡು ಹೋಗಿತ್ತು, ಕೆಲವರನ್ನು ಮಾವೋವಾದಿಗಳು.

ಯುದ್ಧದ ಕಾಲದಲ್ಲಿ ಹಳ್ಳಿ ಮಟ್ಟದಲ್ಲಿ ಇನ್ನೊಂದು ಸಂಗತಿ ನಡೆಯಿತು, ಮುಂದಿನ ಕಥೆಗೆ ಅದು ಬೇಕು. ಸರ್ಕಾರದ ಪರವಾಗಿ ಹಳ್ಳಿಯಲ್ಲಿದ್ದ ಗ್ರಾಮ ವಿಕಾಸ ಸಮಿತಿಯ ಕಾರ್ಯದರ್ಶಿಗಳು ಜೀವಭಯದಿಂದ ಜಿಲ್ಲಾ ಕೇಂದ್ರಗಳಿಗೆ ಓಡಿಹೋದರು. 1997ರಲ್ಲಿ ಚುನಾಯಿತರಾಗಿದ್ದ ಸ್ಥಳೀಯ ಪ್ರತಿನಿಧಿಗಳ ಅವಧಿ 2002ರಲ್ಲಿ ಮುಗಿಯಿತು, ಹೊಸ ಚುನಾವಣೆ ನಡೆಯಲಿಲ್ಲ. ಹಳ್ಳಿಗಳಲ್ಲಿ ಮುಂದಿನ ಸ್ಥಳೀಯ ಚುನಾವಣೆ ನಡೆದದ್ದು 2017ಕ್ಕೆ. ಹದಿನೈದು ವರ್ಷ ಹಳ್ಳಿಯಲ್ಲಿ ಜನ ಆರಿಸಿದ ಒಬ್ಬನೇ ಒಬ್ಬ ಪ್ರತಿನಿಧಿ ಇರಲಿಲ್ಲ. ಒಂದು ಜನನ ಪ್ರಮಾಣಪತ್ರ ಬೇಕಾದರೆ ಕಾರ್ಯದರ್ಶಿ ಎಲ್ಲಿದ್ದಾರೋ ಅಲ್ಲಿಗೆ ದಿನಗಟ್ಟಲೆ ನಡೆದುಕೊಂಡು ಹೋಗಬೇಕಿದ್ದ ಊರುಗಳಿದ್ದವು.

ಬಂದೂಕುಗಳಿಗೆ ಬೀಗ ಬಿದ್ದದ್ದು ಹೇಗೆ

2001ರ ಜೂನ್ 1ರಂದು ಅರಮನೆಯ ಹತ್ಯಾಕಾಂಡದಲ್ಲಿ ರಾಜ ಬೀರೇಂದ್ರರ ಕುಟುಂಬವೇ ಹೋಯಿತು. ತಮ್ಮ ಜ್ಞಾನೇಂದ್ರ ಪಟ್ಟಕ್ಕೆ ಬಂದರು, 2005ರ ಫೆಬ್ರವರಿಯಲ್ಲಿ ಪೂರ್ತಿ ಅಧಿಕಾರ ಕೈಗೆ ತಗೊಂಡರು. ಇದು ಅವರಿಗೇ ಮುಳುವಾಯಿತು. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಶತ್ರು ಅಂದುಕೊಂಡಿದ್ದ ಪಕ್ಷಗಳು ಮತ್ತು ಮಾವೋವಾದಿಗಳು ಅದೇ ವರ್ಷ ನವೆಂಬರ್‌ನಲ್ಲಿ ದೆಹಲಿಯಲ್ಲಿ ಕೂತು 12 ಅಂಶಗಳ ಒಪ್ಪಂದ ಮಾಡಿಕೊಂಡರು. 2006ರ ಏಪ್ರಿಲ್‌ನಲ್ಲಿ 19 ದಿನ ದೇಶವಿಡೀ ಬೀದಿಗೆ ಬಂತು, ರಾಜ ಮಣಿದರು. ನವೆಂಬರ್ 21ರಂದು ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲಾ ಮತ್ತು ಮಾವೋವಾದಿ ನಾಯಕ ಪ್ರಚಂಡ ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು.

ಆಯುಧಗಳ ವಿಷಯದಲ್ಲಿ ಮಾಡಿಕೊಂಡ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾವೋವಾದಿಗಳ ಹೋರಾಟಗಾರರು ಏಳು ಮುಖ್ಯ ಶಿಬಿರಗಳಿಗೂ ಅವುಗಳ ಸುತ್ತಲಿನ ಉಪಶಿಬಿರಗಳಿಗೂ ಹೋದರು. ಬಂದೂಕುಗಳನ್ನು ದೊಡ್ಡ ಕಂಟೇನರ್‌ಗಳಲ್ಲಿ ತುಂಬಿ ಬೀಗ ಹಾಕಲಾಯಿತು. ಬೀಗದ ಕೈ ಯಾರ ಹತ್ತಿರ? ಮಾವೋವಾದಿಗಳ ಹತ್ತಿರವೇ! ವಿಶ್ವಸಂಸ್ಥೆಯವರು ಕ್ಯಾಮೆರಾ, ಸೈರನ್ ಇಟ್ಟು ಹಗಲೂ ರಾತ್ರಿ ಕಾಯುತ್ತಿದ್ದರು, ಯಾರಾದರೂ ಬಾಗಿಲು ತೆಗೆದರೆ ಎಲ್ಲರಿಗೂ ಗೊತ್ತಾಗಬೇಕು, ಅಷ್ಟೇ. ಸರ್ಕಾರಿ ಸೇನೆಯೂ ಅಷ್ಟೇ ಸಂಖ್ಯೆಯ ಬಂದೂಕುಗಳನ್ನು ಹೀಗೇ ಒಳಗಿಟ್ಟಿತು. ಸೋತವರು ಗೆದ್ದವರಿಗೆ ಆಯುಧ ಒಪ್ಪಿಸಿದರು ಅನ್ನುವ ಅವಮಾನ ಯಾರಿಗೂ ಆಗದ ಹಾಗೆ ನೋಡಿಕೊಂಡ ರೀತಿ ಇದು. ನೇಪಾಳದ ಶಾಂತಿಯಲ್ಲಿ ನನಗೆ ತುಂಬಾ ಜಾಣತನದ್ದು ಅನಿಸಿದ ಭಾಗವೂ ಇದೇ.

ವಿಶ್ವಸಂಸ್ಥೆ ಪರಿಶೀಲಿಸಿ ಹೋರಾಟಗಾರರು ಅಂತ ಒಪ್ಪಿದ್ದು 19,602 ಜನರನ್ನು. ಅವರಲ್ಲಿ ಕೊನೆಗೆ ನೇಪಾಳಿ ಸೇನೆಗೆ ಸೇರಿದ್ದು 1,400ರಷ್ಟು ಮಾತ್ರ. 15,000ಕ್ಕೂ ಜಾಸ್ತಿ ಜನ 5ರಿಂದ 8 ಲಕ್ಷ ನೇಪಾಳಿ ರೂಪಾಯಿ ತಗೊಂಡು ಮನೆಗೆ ಹೋದರು. ಚಿಕ್ಕ ವಯಸ್ಸಿನಲ್ಲಿ ಸೇರಿದವರು ಮತ್ತು ತಡವಾಗಿ ಸೇರಿದವರು ಸುಮಾರು 4,000 ಮಂದಿಯನ್ನು ‘ಅಯೋಗ್ಯ’ ಅನ್ನುವ ಹಣೆಪಟ್ಟಿ ಹಚ್ಚಿ 2010ರಲ್ಲಿ ಕಳಿಸಿದರು. ಹದಿನಾಲ್ಕು, ಹದಿನೈದರಲ್ಲಿ ಬಂದೂಕು ಹಿಡಿಸಿದ್ದು ದೊಡ್ಡವರು, ಹಣೆಪಟ್ಟಿ ಮಾತ್ರ ಮಕ್ಕಳಿಗೆ. ಆ ನೋವು ಇನ್ನೂ ಆರಿಲ್ಲ.

ಒಕ್ಕೂಟದ ಬೇಡಿಕೆ ತಂದವರು ಬಯಲಿನ ಜನ

ಶಾಂತಿ ಒಪ್ಪಂದದಲ್ಲಿ ಕೇಂದ್ರೀಕೃತ, ಏಕಾತ್ಮಕ ಸ್ವರೂಪವನ್ನು ಕೊನೆಗಾಣಿಸಿ ದೇಶದ ಆಡಳಿತ ವ್ಯವಸ್ಥೆಯ ಪುನರ್ರಚನೆ ಮಾಡುತ್ತೇವೆ ಅಂತ ಬರೆದಿದ್ದರು. ಒಳ್ಳೇ ಮಾತೇ. ಆದರೆ 2007ರ ಜನವರಿ 15ರಂದು ಬಂದ ಮಧ್ಯಂತರ ಸಂವಿಧಾನದಲ್ಲಿ ಒಕ್ಕೂಟ ಅನ್ನುವ ಮಾತೇ ಇರಲಿಲ್ಲ. ಮರುದಿನವೇ ಕಾಠ್ಮಂಡುವಿನಲ್ಲಿ ಮಧೇಶಿ ಹೋರಾಟಗಾರರು ಅದರ ಪ್ರತಿಗಳನ್ನು ಸುಟ್ಟರು, ಬಂಧನವಾಯಿತು. ಬಯಲಿನ ಲಹಾನ್ ಪಟ್ಟಣದಲ್ಲಿ ಪ್ರತಿಭಟನೆಯ ವೇಳೆ ಮಾವೋವಾದಿ ಕಾರ್ಯಕರ್ತನ ಗುಂಡಿಗೆ ಒಬ್ಬ ವಿದ್ಯಾರ್ಥಿ ಸತ್ತ. ಇಡೀ ಮಧೇಶ್ ಹೊತ್ತಿಕೊಂಡಿತು.

ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಯುದ್ಧ ಮಾಡಿದ್ದು ಮಾವೋವಾದಿಗಳು, ಶಾಂತಿ ಒಪ್ಪಂದ ಮಾಡಿಕೊಂಡದ್ದು ಅವರು ಮತ್ತು ಕಾಠ್ಮಂಡುವಿನ ಪಕ್ಷಗಳು. ಆದರೆ ಒಕ್ಕೂಟವನ್ನು ಸಂವಿಧಾನದ ಒಳಗೆ ತೂರಿಸಿದ್ದು ಆ ಮೇಜಿನ ಸುತ್ತ ಇರದ ಬಯಲಿನ ಜನ. ಕೆಲವೇ ತಿಂಗಳಲ್ಲಿ ಮಧ್ಯಂತರ ಸಂವಿಧಾನಕ್ಕೆ ತಿದ್ದುಪಡಿ ಬಂತು, ಒಕ್ಕೂಟದ ಭರವಸೆ ಸೇರಿತು. 2008ರಲ್ಲಿ ಮತ್ತೊಂದು ಚಳವಳಿ, ಮತ್ತೊಂದು ಒಪ್ಪಂದ.

2008ರ ಏಪ್ರಿಲ್‌ನಲ್ಲಿ 601 ಸದಸ್ಯರ ಸಂವಿಧಾನ ಸಭೆಗೆ ಚುನಾವಣೆ ನಡೆಯಿತು, ಮಾವೋವಾದಿಗಳೇ ದೊಡ್ಡ ಪಕ್ಷವಾದರು. ಮೇ 28ರಂದು ರಾಜಪ್ರಭುತ್ವ ಹೋಯಿತು, ನೇಪಾಳ ಗಣರಾಜ್ಯವಾಯಿತು. ಇನ್ನು ಸಂವಿಧಾನ ಬರೆಯುವುದಷ್ಟೇ ಬಾಕಿ ಅಂದುಕೊಂಡಿದ್ದರು.

ಗೆರೆ ಎಳೆಯುವ ಜಗಳ

ಅದಕ್ಕೆ ಹಿಡಿದದ್ದು ಏಳು ವರ್ಷ. ಸಿಕ್ಕಿಹಾಕಿಕೊಂಡದ್ದು ಮುಖ್ಯವಾಗಿ ಒಂದು ಕಡೆ: ಪ್ರಾಂತ್ಯಗಳು ಎಷ್ಟು, ಗೆರೆ ಎಲ್ಲಿ, ಹೆಸರು ಏನು?

ಒಂದು ವಾದ ಗುರುತಿನದ್ದು. ಲಿಂಬುಗಳಿರುವ ಕಡೆ ಲಿಂಬುವಾನ್, ತಮಾಂಗರಿರುವ ಕಡೆ ತಮ್ಸಾಲಿಂಗ್, ಬಯಲಿನ ಆದಿವಾಸಿ ಥಾರೂಗಳಿಗೆ ಥರುಹಟ್, ಬಯಲಿಗೆಲ್ಲ ಸೇರಿ ಒಂದು ಮಧೇಶ್. ನಮ್ಮ ಭಾಷಾವಾರು ರಾಜ್ಯಗಳ ಹಾಗೇ ಅಲ್ವಾ ಅಂತ ನಮಗೆ ಅನಿಸಬಹುದು. ಸ್ವಲ್ಪ ಮಟ್ಟಿಗೆ ಹೌದು. ಆದರೆ ನೇಪಾಳದ ಗುಡ್ಡಗಳಲ್ಲಿ ಯಾವ ಒಂದು ಜನಾಂಗವೂ ದೊಡ್ಡ ಪ್ರದೇಶದಲ್ಲಿ ಸ್ಪಷ್ಟ ಬಹುಮತದಲ್ಲಿ ಇಲ್ಲ, ಎಲ್ಲರೂ ಬೆರೆತುಕೊಂಡಿದ್ದಾರೆ. ಇನ್ನೊಂದು ವಾದ ಅನುಕೂಲದ್ದು. ಪ್ರಾಂತ್ಯ ಬಡವಾಗಬಾರದು, ಪ್ರತಿ ಪ್ರಾಂತ್ಯಕ್ಕೂ ಗುಡ್ಡ, ಬಯಲು, ನದಿ ಎಲ್ಲ ಸ್ವಲ್ಪ ಸ್ವಲ್ಪ ಇರಲಿ ಅನ್ನುವುದು. ಕೇಳಲು ನ್ಯಾಯವಾಗೇ ಇದೆ. ಆದರೆ ಬಯಲನ್ನು ಉದ್ದುದ್ದಕ್ಕೆ ಸೀಳಿ ಗುಡ್ಡಕ್ಕೆ ಅಂಟಿಸಿದರೆ ನಾವು ಎಲ್ಲಾ ಕಡೆಯೂ ಅಲ್ಪಸಂಖ್ಯಾತರಾಗುತ್ತೇವೆ ಅನ್ನುವುದು ಮಧೇಶಿಗಳ ಭಯ.

ಒಂದು ಸಮಿತಿ 14 ಪ್ರಾಂತ್ಯ ಅಂದಿತು, ಇನ್ನೊಂದು ಆಯೋಗ 11 ಅಂದಿತು. 2012ರ ಮೇ 27ರ ಮಧ್ಯರಾತ್ರಿ ಮೊದಲ ಸಂವಿಧಾನ ಸಭೆ ಸಂವಿಧಾನ ಬರೆಯದೇ ಮುಗಿದುಹೋಯಿತು. 2013ರ ನವೆಂಬರ್‌ನಲ್ಲಿ ಎರಡನೇ ಸಭೆಗೆ ಚುನಾವಣೆಯಾದಾಗ ಗುರುತಿನ ರಾಜಕೀಯದ ಪಕ್ಷಗಳು ಸೊರಗಿದ್ದವು.

ಆಮೇಲೆ ಭೂಮಿ ನಡುಗಿತು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು. ಇಂಥ ಹೊತ್ತಲ್ಲೂ ಜಗಳವಾಡುತ್ತಾ ಕೂತರೆ ಜನ ಕ್ಷಮಿಸುವುದಿಲ್ಲ ಅಂತ ದೊಡ್ಡ ಪಕ್ಷಗಳು ಜೂನ್‌ನಲ್ಲಿ 16 ಅಂಶಗಳ ಒಪ್ಪಂದಕ್ಕೆ ಬಂದವು. ಅದರಲ್ಲಿ 8 ಪ್ರಾಂತ್ಯ, ಗಡಿ ಆಮೇಲೆ ನೋಡೋಣ ಅಂತಿತ್ತು. ಸುಪ್ರೀಂ ಕೋರ್ಟ್ ಹಾಗೆ ಮುಂದಕ್ಕೆ ತಳ್ಳುವಂತಿಲ್ಲ ಅಂದಿತು. ಆಗಸ್ಟ್‌ನಲ್ಲಿ 6 ಪ್ರಾಂತ್ಯಗಳ ನಕ್ಷೆ ಬಂತು. ಸುರ್ಖೇತ್, ಜುಮ್ಲಾ ಕಡೆ ಜನ ಬೀದಿಗಿಳಿದರು, ಎರಡು ವಾರದೊಳಗೆ 6 ಹೋಗಿ 7 ಆಯಿತು. ಕರ್ನಾಲಿ ಪ್ರಾಂತ್ಯ ಹುಟ್ಟಿದ್ದು ಹೀಗೆ. ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ದೊಡ್ಡದು, ಜನ ಎಲ್ಲಕ್ಕಿಂತ ಕಡಿಮೆ, ಸುಮಾರು 17 ಲಕ್ಷ. ಯುದ್ಧದ ತವರಾಗಿದ್ದ ರುಕುಂ ಜಿಲ್ಲೆ ಈ ಗೆರೆ ಎಳೆಯುವಾಗ ಎರಡು ಹೋಳಾಯಿತು, ಪೂರ್ವ ಭಾಗ ಒಂದು ಪ್ರಾಂತ್ಯಕ್ಕೆ, ಪಶ್ಚಿಮ ಭಾಗ ಕರ್ನಾಲಿಗೆ.

ಬಯಲಿನಲ್ಲಿ ಮಾತ್ರ ಬೆಂಕಿ ಆರಲಿಲ್ಲ. ಮಧೇಶಿಗಳಿಗೆ ಸಿಕ್ಕಿದ್ದು ಸಪ್ತರಿಯಿಂದ ಪರ್ಸಾವರೆಗಿನ 8 ಜಿಲ್ಲೆಗಳ ಒಂದು ಪ್ರಾಂತ್ಯ, ಉಳಿದ ಬಯಲು ಬೇರೆ ಬೇರೆ ಪ್ರಾಂತ್ಯಗಳಿಗೆ ಹಂಚಿಹೋಯಿತು. ಥಾರೂಗಳಿಗೆ ಏನೂ ಸಿಗಲಿಲ್ಲ. ಆಗಸ್ಟ್ 24ರಂದು ಪಶ್ಚಿಮದ ಟಿಕಾಪುರದಲ್ಲಿ ಗುಂಪೊಂದು 8 ಭದ್ರತಾ ಸಿಬ್ಬಂದಿಯನ್ನು ಕೊಂದಿತು, ಒಂದು ಪುಟ್ಟ ಮಗುವೂ ಸತ್ತಿತು. ಪೊಲೀಸರ ಗುಂಡಿಗೆ ಬಯಲಿನಲ್ಲಿ ಎಷ್ಟೋ ಪ್ರತಿಭಟನಾಕಾರರು ಬಲಿಯಾದರು. ಒಟ್ಟು ಸಾವು 40 ದಾಟಿತು. ಸೆಪ್ಟೆಂಬರ್ 20ರಂದು ಸಂವಿಧಾನ ಜಾರಿಯಾದಾಗ ಕಾಠ್ಮಂಡುವಿನಲ್ಲಿ ದೀಪ ಹಚ್ಚಿದರು, ಬಯಲಿನಲ್ಲಿ ದೀಪ ಆರಿಸಿದರು. ಅದರ ಬೆನ್ನಿಗೇ ಗಡಿ ಬಂದ್. 2016ರ ಫೆಬ್ರವರಿವರೆಗೆ ಗ್ಯಾಸ್, ಪೆಟ್ರೋಲ್, ಔಷಧಿ ಇಲ್ಲದೆ ನೇಪಾಳ ಒದ್ದಾಡಿತು. ಇದು ಭಾರತವೇ ಹಾಕಿದ ದಿಗ್ಬಂಧನ ಅಂತ ನೇಪಾಳ ಹೇಳಿತು, ಮಧೇಶಿಗಳ ಪ್ರತಿಭಟನೆಯಿಂದ ಲಾರಿಗಳು ನಿಂತಿವೆ ಅಂತ ಭಾರತ ಹೇಳಿತು.

ಪ್ರಾಂತ್ಯಗಳ ಹೆಸರು ನೋಡಿದರೆ ಯಾವ ವಾದ ಗೆದ್ದಿತು ಅಂತ ಗೊತ್ತಾಗುತ್ತದೆ. ಕೋಶಿ, ಬಾಗ್ಮತಿ, ಗಂಡಕಿ, ಕರ್ನಾಲಿ, ನಾಲ್ಕೂ ನದಿಗಳು. ಲುಂಬಿನಿ ಬುದ್ಧ ಹುಟ್ಟಿದ ಜಾಗ. ಸುದೂರಪಶ್ಚಿಮ ಅಂದರೆ ದಿಕ್ಕು. ಜನರ ಗುರುತು ಇರುವ ಹೆಸರು ಒಂದೇ, ಜನಕಪುರ ರಾಜಧಾನಿಯಾಗಿರುವ ಮಧೇಶ್. ಒಂದನೇ ಪ್ರಾಂತ್ಯಕ್ಕೆ 2023ರಲ್ಲಿ ಕೋಶಿ ಅಂತ ಹೆಸರಿಟ್ಟಾಗ ಲಿಂಬು ಮತ್ತಿತರ ಸಮುದಾಯಗಳು ತಿಂಗಳುಗಟ್ಟಲೆ ಪ್ರತಿಭಟಿಸಿದವು.

ಯಾರಿಗೆ ಏನು ಸಿಕ್ಕಿತು

ಈಗ ನೇಪಾಳದಲ್ಲಿ ಮೂರು ಹಂತದ ಸರ್ಕಾರ. ಸಂಘ ಅಂದರೆ ಕೇಂದ್ರ, ಪ್ರದೇಶ ಅಂದರೆ ಪ್ರಾಂತ್ಯ, ಕೆಳಗೆ ಪಾಲಿಕೆ. 753 ಪಾಲಿಕೆಗಳಲ್ಲಿ 460 ಗ್ರಾಮಪಾಲಿಕೆ, ಉಳಿದ 293 ಬೇರೆ ಬೇರೆ ಗಾತ್ರದ ನಗರಪಾಲಿಕೆಗಳು. ಪ್ರತಿ ಹಂತದ ಅಧಿಕಾರಕ್ಕೂ ಸಂವಿಧಾನದಲ್ಲಿ ಬೇರೆ ಬೇರೆ ಪಟ್ಟಿ, ಜೊತೆಗೆ ಹಂಚಿಕೊಳ್ಳುವ ಪಟ್ಟಿಗಳು.

ನಮ್ಮ ವ್ಯವಸ್ಥೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲಿದೆ. ನಮ್ಮಲ್ಲಿ ಪಂಚಾಯಿತಿ, ನಗರಸಭೆಗಳಿಗೆ ಎಷ್ಟು ಅಧಿಕಾರ ಕೊಡಬೇಕು ಅಂತ ತೀರ್ಮಾನಿಸುವುದು ರಾಜ್ಯ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಬೆಂಗಳೂರು ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇಲ್ಲದೆ ನಡೆದದ್ದು ನೆನಪಿದೆಯಲ್ಲ. ನೇಪಾಳದ ಪಾಲಿಕೆಗೆ ಅಧಿಕಾರ ನೇರವಾಗಿ ಸಂವಿಧಾನದಿಂದ ಬರುತ್ತದೆ. ಸ್ವಂತ ಕಾನೂನು ಮಾಡಬಹುದು, ತೆರಿಗೆ ಹಾಕಬಹುದು, ಮಾಧ್ಯಮಿಕ ಹಂತದವರೆಗಿನ ಶಾಲೆಗಳು ಅದರ ಪಟ್ಟಿಯಲ್ಲೇ ಇವೆ. ಮೇಯರ್‌ನನ್ನು ಜನ ನೇರವಾಗಿ ಐದು ವರ್ಷಕ್ಕೆ ಆರಿಸುತ್ತಾರೆ, ನಡುವೆ ಅವಿಶ್ವಾಸ ತಂದು ಇಳಿಸುವ ಹಾಗಿಲ್ಲ.

ಯಾಕೆ ಹೀಗಾಯಿತು? ಒಂದು ಓದು ಹೀಗಿದೆ. ಗುರುತಿನ ಆಧಾರದ ಬಲವಾದ ಪ್ರಾಂತ್ಯಗಳು ದೇಶ ಒಡೆಯುತ್ತವೆ ಅಂತ ಹೆದರಿದ ದೊಡ್ಡ ಪಕ್ಷಗಳು ಅಧಿಕಾರವನ್ನು ಪ್ರಾಂತ್ಯದ ತಲೆ ಮೇಲಿಂದ ದಾಟಿಸಿ ನೇರ ಹಳ್ಳಿಗೆ ಇಳಿಸಿದವು. ‘ಹಳ್ಳಿ ಹಳ್ಳಿಯಲ್ಲಿ ಸಿಂಹದರ್ಬಾರ್’ ಅನ್ನುವುದು ಆಗಿನ ಘೋಷಣೆ. ಸಿಂಹದರ್ಬಾರ್ ಅಂದರೆ ಕಾಠ್ಮಂಡುವಿನ ಕೇಂದ್ರ ಸಚಿವಾಲಯ, ನಮ್ಮ ವಿಧಾನಸೌಧದ ಹಾಗೆ ಅಧಿಕಾರದ ಇನ್ನೊಂದು ಹೆಸರು. ಹೋರಾಟ ನಡೆದದ್ದು ಪ್ರಾಂತ್ಯಕ್ಕಾಗಿ, ಸಿಕ್ಕಿದ್ದು ಪಾಲಿಕೆ. ನೇಪಾಳದ ಒಕ್ಕೂಟದ ಬಗ್ಗೆ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ, ಮಿಕ್ಕ ಗೊಂದಲ ತಾನಾಗೇ ಬಿಡಿಸಿಕೊಳ್ಳುತ್ತದೆ.

ವಾರ್ಡ್ ಕಚೇರಿಯೊಳಗೆ

ಪ್ರತಿ ವಾರ್ಡಿನಲ್ಲಿ ಐದು ಜನ ಆಯ್ಕೆಯಾಗುತ್ತಾರೆ. ಅವರಲ್ಲಿ ಇಬ್ಬರು ಹೆಂಗಸರು ಇರಲೇಬೇಕು, ಆ ಇಬ್ಬರಲ್ಲಿ ಒಬ್ಬರು ದಲಿತ ಮಹಿಳೆ. 2017ರಲ್ಲಿ ಗೆದ್ದ 35,000 ಚಿಲ್ಲರೆ ಸ್ಥಳೀಯ ಪ್ರತಿನಿಧಿಗಳಲ್ಲಿ ಶೇ 40ಕ್ಕೂ ಹೆಚ್ಚು ಮಹಿಳೆಯರು. ಇನ್ನೊಂದು ನಿಯಮವೂ ಇದೆ. ಒಂದು ಪಕ್ಷ ಮೇಯರ್ ಮತ್ತು ಉಪಮೇಯರ್ ಎರಡಕ್ಕೂ ಅಭ್ಯರ್ಥಿ ಹಾಕಿದರೆ ಒಬ್ಬರು ಮಹಿಳೆಯಾಗಬೇಕು. ಆಗಿದ್ದು ಏನು ಅಂತ ನೀವೇ ಊಹಿಸಬಹುದು, ಗಂಡಸು ಮೇಯರ್, ಹೆಂಗಸು ಉಪಮೇಯರ್. 753 ಪಾಲಿಕೆಗಳಲ್ಲಿ ಮುಖ್ಯಸ್ಥರಾದ ಮಹಿಳೆಯರು 20 ಮಂದಿಯೂ ಇರಲಿಲ್ಲ.

ಆದರೆ ಇದರಿಂದ ಬಹುಶಃ ಯಾರೂ ಲೆಕ್ಕ ಹಾಕದ ಒಂದು ಪರಿಣಾಮವಾಯಿತು. ಪ್ರತಿ ಪಾಲಿಕೆಗೂ ಒಂದು ನ್ಯಾಯ ಸಮಿತಿ ಇದೆ, ಅದರ ಮುಖ್ಯಸ್ಥರು ಉಪಮೇಯರ್ ಅಥವಾ ಉಪಾಧ್ಯಕ್ಷರು. ಹಾಗಾಗಿ ದೇಶದ ಸಣ್ಣಪುಟ್ಟ ವ್ಯಾಜ್ಯಗಳಲ್ಲಿ ಬಹುಪಾಲು ಮಹಿಳೆಯರ ಮುಂದೆ ಬರತೊಡಗಿದವು. ಯಾವ ವ್ಯಾಜ್ಯಗಳು ಅಂತ 2017ರ ಕಾನೂನಿನಲ್ಲೇ ಪಟ್ಟಿ ಇದೆ. ಕಾಲುವೆ ನೀರಿನ ಸರದಿ. ಗದ್ದೆಯ ಬದು. ಕೊಡದೇ ಉಳಿಸಿಕೊಂಡ ಕೂಲಿ. ದನ ಮೇಯ್ದು ಹಾಳಾದ ಬೆಳೆ. ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳದ ಮಕ್ಕಳು, ಹೆಂಡತಿಗೆ ಅನ್ನ ಬಟ್ಟೆ ಕೊಡದ ಗಂಡ. ಪಕ್ಕದವರ ಜಾಗಕ್ಕೆ ಮುಖ ಮಾಡಿ ಇಟ್ಟ ಕಿಟಕಿ, ಅವರ ಅಂಗಳಕ್ಕೆ ಬೀಳುವ ಸೂರಿನ ನೀರು ಕೂಡ ಪಟ್ಟಿಯಲ್ಲಿದೆ.

ಇದಕ್ಕೂ ಶಾಂತಿಗೂ ಏನು ಸಂಬಂಧ ಅಂತ ಕೇಳಬಹುದು. ಯುದ್ಧದ ಕಾಲದಲ್ಲಿ ಇಂಥ ಜಗಳಗಳನ್ನು ತೀರ್ಮಾನಿಸುತ್ತಿದ್ದದ್ದು ಮಾವೋವಾದಿಗಳ ‘ಜನ ಅದಾಲತ್’. ಸರ್ಕಾರದ ಕೋರ್ಟು ಜಿಲ್ಲಾ ಕೇಂದ್ರದಲ್ಲಿ, ವರ್ಷಗಟ್ಟಲೆ ಅಲೆದಾಟ, ವಕೀಲರ ಖರ್ಚು. ಇವರದ್ದು ಊರಲ್ಲೇ, ಬೇಗ, ಬಂದೂಕಿನ ನೆರಳಲ್ಲಿ. ಸರ್ಕಾರ ಇಲ್ಲದ ಜಾಗವನ್ನು ಯಾರೋ ತುಂಬುತ್ತಾರೆ. ಈಗ ಆ ಜಾಗದಲ್ಲಿ ಜನ ಆರಿಸಿದ, ಐದು ವರ್ಷಕ್ಕೊಮ್ಮೆ ಬದಲಾಯಿಸಬಹುದಾದ ಒಂದು ಕಚೇರಿ ಇದೆ. ಅದು ಎಲ್ಲಾ ಕಡೆ ಚೆನ್ನಾಗಿ ನಡೆಯುತ್ತಿದೆ ಅಂತಲ್ಲ. ಕಾನೂನು ಓದದವರು ತೀರ್ಪು ಕೊಡುತ್ತಾರೆ, ಪಕ್ಷ ನೋಡಿ ಕೊಡುತ್ತಾರೆ ಅನ್ನುವ ದೂರುಗಳಿವೆ. 2022ರ ಚುನಾವಣೆಯಲ್ಲಿ ಪಕ್ಷಗಳು ಮೈತ್ರಿ ಮಾಡಿಕೊಂಡು ಒಂದೊಂದೇ ಹುದ್ದೆಗೆ ನಿಂತದ್ದರಿಂದ ಎರಡರಲ್ಲಿ ಒಬ್ಬರು ಮಹಿಳೆ ಅನ್ನುವ ನಿಯಮವೇ ತಪ್ಪಿಹೋಗಿ, ಮಹಿಳಾ ಉಪಮೇಯರ್‌ಗಳ ಸಂಖ್ಯೆಯೂ ಇಳಿಯಿತು.

ನಡುವಿನ ಸರ್ಕಾರದ ಪಾಡು

ಪ್ರಾಂತ್ಯಗಳ ಸ್ಥಿತಿ ಬೇರೆ. ಮಗನಿಗೆ ಬೇರೆ ಮನೆ ಮಾಡಿಕೊಟ್ಟು, ಉಗ್ರಾಣದ ಬೀಗದ ಕೈಯನ್ನು ತನ್ನ ಸೊಂಟದಲ್ಲೇ ಇಟ್ಟುಕೊಂಡ ಯಜಮಾನನ ಹಾಗೆ ಕಾಠ್ಮಂಡು ನಡೆದುಕೊಂಡಿತು.

ಪೊಲೀಸ್ ವಿಷಯವನ್ನೇ ತಗೊಳ್ಳಿ. ಸಂವಿಧಾನದ ಪ್ರಕಾರ ಪ್ರಾಂತ್ಯಕ್ಕೆ ಸ್ವಂತ ಪೊಲೀಸ್ ಇರಬೇಕು. ಅದಕ್ಕೆ ಬೇಕಾದ ಕೇಂದ್ರದ ಕಾನೂನು 2020ರಲ್ಲಿ ಬಂತು, ಪೊಲೀಸರು ಮಾತ್ರ ಪ್ರಾಂತ್ಯದ ಕೈಗೆ ಬರಲೇ ಇಲ್ಲ. ನೌಕರರ ಕಥೆಯೂ ಅಷ್ಟೇ. ಒಕ್ಕೂಟಕ್ಕೆ ತಕ್ಕ ನಾಗರಿಕ ಸೇವಾ ಕಾನೂನು ವರ್ಷಗಟ್ಟಲೆ ಸಂಸತ್ತಿನಲ್ಲೇ ಉಳಿಯಿತು. ಪ್ರಾಂತ್ಯದ ಮುಖ್ಯ ಕಾರ್ಯದರ್ಶಿ ಬರುವುದು ಕೇಂದ್ರದಿಂದ, ವರ್ಗಾವಣೆಯೂ ಅಲ್ಲಿಂದಲೇ. ಜಿಲ್ಲೆಯಲ್ಲಿ ಶಾಂತಿ ಸುವ್ಯವಸ್ಥೆ ನೋಡಿಕೊಳ್ಳುವವರು, ಪೌರತ್ವ ಪತ್ರ ಕೊಡುವವರು ಇವತ್ತಿಗೂ ಕೇಂದ್ರ ಗೃಹ ಸಚಿವಾಲಯದ ಪ್ರಮುಖ ಜಿಲ್ಲಾಧಿಕಾರಿಯೇ. ಮಧೇಶಿಗಳಿಗೆ ಪೌರತ್ವ ಪತ್ರ ಪಡೆಯುವುದೇ ದೊಡ್ಡ ಹೋರಾಟವಾಗಿದ್ದನ್ನು ನೆನೆದರೆ ಈ ಕುರ್ಚಿಯ ತೂಕ ಗೊತ್ತಾಗುತ್ತದೆ.

ದುಡ್ಡು? ವ್ಯಾಟ್ ಮತ್ತು ಒಳನಾಡಿನ ಅಬಕಾರಿ ಸುಂಕದಲ್ಲಿ ಶೇ 70 ಕೇಂದ್ರಕ್ಕೆ, ಶೇ 15 ಎಲ್ಲಾ ಪ್ರಾಂತ್ಯಗಳಿಗೆ ಸೇರಿ, ಶೇ 15 ಎಲ್ಲಾ ಪಾಲಿಕೆಗಳಿಗೆ. ಅದರ ಮೇಲೆ ಕೇಂದ್ರದ ಅನುದಾನ. ಅನುದಾನದಲ್ಲಿ ಒಂದು ಬಗೆ ನಿಮಗೆ ಬೇಕಾದ್ದಕ್ಕೆ ಖರ್ಚು ಮಾಡಿ ಅನ್ನುವಂಥದ್ದು, ಇನ್ನೊಂದು ಇಂಥದ್ದಕ್ಕೇ ಮಾಡಿ ಅನ್ನುವ ಷರತ್ತಿನದ್ದು. ಷರತ್ತಿನದ್ದೇ ಜಾಸ್ತಿ, ಅದರಲ್ಲೂ ಪಾಲಿಕೆಗಳಿಗೆ.

ಇದಕ್ಕೆ ಪ್ರಾಂತ್ಯದ ರಾಜಕಾರಣಿಗಳೂ ತಮ್ಮ ಪಾಲು ಸೇರಿಸಿದರು. 93 ಸ್ಥಾನಗಳ ಕೋಶಿ ವಿಧಾನಸಭೆಯಲ್ಲಿ 2023ರಲ್ಲಿ ಒಂದು ಪ್ರಸಂಗ ನಡೆಯಿತು. ಉದ್ಧವ್ ಥಾಪಾ ಸ್ಪೀಕರ್ ಸಹಿಯನ್ನೂ ಸೇರಿಸಿ 47ರ ಬಹುಮತ ತೋರಿಸಿ ಮುಖ್ಯಮಂತ್ರಿಯಾದರು. ಸ್ಪೀಕರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ ನೇಮಕ ರದ್ದು ಮಾಡಿತು. ಅವರು ಮತ್ತೆ ಮುಖ್ಯಮಂತ್ರಿಯಾದರು, ಕೋರ್ಟ್ ಮತ್ತೆ ರದ್ದು ಮಾಡಿತು. ಕಾಠ್ಮಂಡುವಿನಲ್ಲಿ ಮೈತ್ರಿ ಬದಲಾದಾಗಲೆಲ್ಲ ಪ್ರಾಂತ್ಯಗಳಲ್ಲೂ ಮುಖ್ಯಮಂತ್ರಿ ಬದಲಾಗುವುದು ವಾಡಿಕೆಯೇ ಆಯಿತು. ಇದನ್ನೆಲ್ಲ ನೋಡಿದ ಜನಕ್ಕೆ ಪ್ರಾಂತ್ಯ ಅಂದರೆ ಖರ್ಚು ಅಂತ ಕಂಡರೆ ತಪ್ಪು ಹುಡುಕುವುದು ಕಷ್ಟ. ಅಧಿಕಾರ ಕೊಡದೇ ಇಟ್ಟು, ಕೆಲಸ ಮಾಡಲಿಲ್ಲ ಅಂತ ದೂರುವುದೂ ಪೂರ್ತಿ ನ್ಯಾಯವಲ್ಲ.

ಹಾಗಾದರೆ ಶಾಂತಿ ಬಂತಾ?

ಯುದ್ಧವಂತೂ ಮರಳಲಿಲ್ಲ. ಇದು ಸಣ್ಣ ಮಾತಲ್ಲ. ಯುದ್ಧ ಮಾಡಿದ ಪ್ರಚಂಡ ಮೂರು ಸಲ ಪ್ರಧಾನಿಯಾಗಿ ಮೂರು ಸಲವೂ ಬಂದೂಕಿಲ್ಲದೆ ಇಳಿದರು. ಒಪ್ಪಂದ ಒಪ್ಪದೆ ಹೊರಗೆ ಹೋಗಿದ್ದ ಮಾವೋವಾದಿಗಳ ಬಿಪ್ಲವ್ ಬಣವೂ 2021ರಲ್ಲಿ ಸರ್ಕಾರದ ಜೊತೆ ಕೈ ಕುಲುಕಿತು.

ಬಯಲಿನಲ್ಲಿ ಇನ್ನೂ ಸ್ಪಷ್ಟವಾದ ಉದಾಹರಣೆ ಇದೆ. ಸಿ.ಕೆ. ರಾವುತ್ ಅನ್ನುವವರು ಸ್ವತಂತ್ರ ಮಧೇಶ್ ದೇಶವೇ ಬೇಕು ಅಂತ ಹೋರಾಡುತ್ತಿದ್ದರು, ಮತ್ತೆ ಮತ್ತೆ ಜೈಲಿಗೆ ಹೋದರು. 2019ರ ಮಾರ್ಚ್‌ನಲ್ಲಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಪಕ್ಷ ಕಟ್ಟಿದರು. 2022ರ ಚುನಾವಣೆಯಲ್ಲಿ ಮಧೇಶ್ ಚಳವಳಿಯ ಹಿರಿಯ ನಾಯಕ ಉಪೇಂದ್ರ ಯಾದವ್ ಅವರನ್ನೇ ಸಪ್ತರಿಯಲ್ಲಿ ಸೋಲಿಸಿದರು. ಅವರ ಪಕ್ಷದವರೊಬ್ಬರು ಆಮೇಲೆ ಮಧೇಶ್ ಪ್ರಾಂತ್ಯದ ಮುಖ್ಯಮಂತ್ರಿಯೂ ಆದರು. ಪ್ರತ್ಯೇಕ ದೇಶ ಕೇಳುತ್ತಿದ್ದ ಬಣಕ್ಕೆ ಗೆಲ್ಲಲು ಒಂದು ಹತ್ತಿರದ ಕುರ್ಚಿ ಸಿಕ್ಕಿತು. ಎಷ್ಟೇ ಬಡವಾಗಿದ್ದರೂ ಪ್ರಾಂತ್ಯ ಮಾಡಿದ ಕೆಲಸ ಇದು.

ಬಾಕಿ ಉಳಿದದ್ದು ನ್ಯಾಯ. ಸತ್ಯ ನಿರೂಪಣೆಯ ಆಯೋಗ ಮತ್ತು ಕಣ್ಮರೆಯಾದವರ ಆಯೋಗ ರಚನೆಯಾದದ್ದು 2015ರಲ್ಲಿ, ಯುದ್ಧ ಮುಗಿದ ಎಂಟು ವರ್ಷಕ್ಕೂ ಮೇಲೆ. ಮೊದಲನೆಯದಕ್ಕೆ 60,000ಕ್ಕೂ ಜಾಸ್ತಿ ದೂರು ಬಂದವು, ಎರಡನೆಯದಕ್ಕೆ 3,000ಕ್ಕೂ ಜಾಸ್ತಿ. ಈ ಆಯೋಗಗಳ ಕಾನೂನನ್ನು ತಿದ್ದಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು, ತಿದ್ದುಪಡಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಅಧಿಕಾರ ಹಂಚುವುದನ್ನು ಕಲಿತ ಪಕ್ಷಗಳು, ಸೇನೆ, ಮಾಜಿ ಬಂಡುಕೋರರು ಈ ಒಂದು ವಿಷಯದಲ್ಲಿ ಮಾತ್ರ ಒಟ್ಟಾಗಿ ನಿಧಾನ ಮಾಡಿದರು.

ಪ್ರಾಂತ್ಯಗಳನ್ನು ತೆಗೆದುಬಿಡಬಹುದಾ?

ತೆಗೆಯಿರಿ ಅನ್ನುವವರಿದ್ದಾರೆ. ರಾಷ್ಟ್ರೀಯ ಪ್ರಜಾತಂತ್ರ ಪಕ್ಷ ಒಕ್ಕೂಟವೇ ಬೇಡ ಅನ್ನುತ್ತದೆ, ರಾಷ್ಟ್ರೀಯ ಸ್ವತಂತ್ರ ಪಕ್ಷ 2022ರಲ್ಲಿ ಪ್ರಾಂತ್ಯದ ಚುನಾವಣೆಗೆ ಅಭ್ಯರ್ಥಿಗಳನ್ನೇ ಹಾಕಲಿಲ್ಲ. ಪ್ರಾಂತ್ಯ ಹೋದರೂ ಪಾಲಿಕೆ ಇರುತ್ತದಲ್ಲ, ಸಾಕು ಅನ್ನುವುದು ಅವರ ಕಡೆಯ ವಾದ. ಇನ್ನೊಂದು ಕಡೆಯವರ ಉತ್ತರವೂ ಸರಳ: 753 ಪಾಲಿಕೆಗಳಲ್ಲಿ ಒಂದೊಂದೂ ಕಾಠ್ಮಂಡುವಿನ ಮುಂದೆ ಒಂಟಿಯಾಗಿ ನಿಂತರೆ ಯಾರ ಮಾತು ನಡೆಯುತ್ತದೆ?

ಕಾನೂನಿನ ದಾರಿ ಸುಲಭವಿಲ್ಲ. ಸಂವಿಧಾನ ತಿದ್ದಲು ಸಂಸತ್ತಿನ ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಮೇಲ್ಮನೆಯ 59 ಸದಸ್ಯರಲ್ಲಿ 56 ಮಂದಿ ಪ್ರಾಂತ್ಯಕ್ಕೆ 8ರಂತೆ ಬಂದವರು. ಅಷ್ಟೇ ಅಲ್ಲ, ಪ್ರಾಂತ್ಯದ ಗಡಿ ಅಥವಾ ಅಧಿಕಾರದ ಪಟ್ಟಿ ಮುಟ್ಟುವ ತಿದ್ದುಪಡಿಯನ್ನು 274ನೇ ವಿಧಿಯ ಪ್ರಕಾರ ಪ್ರಾಂತ್ಯಗಳ ವಿಧಾನಸಭೆಗಳ ಒಪ್ಪಿಗೆಗೆ ಕಳಿಸಬೇಕು. ಬಹುಪಾಲು ಪ್ರಾಂತ್ಯಗಳು ಬೇಡ ಅಂದರೆ ಅದು ಅಲ್ಲಿಗೆ ಬಿದ್ದುಹೋಗುತ್ತದೆ. ಅಂದರೆ ತಮ್ಮನ್ನು ಮೊಟಕುಗೊಳಿಸುವ ಮಸೂದೆಗೆ ಹೂಂ ಅನ್ನಬೇಕಾದವರಲ್ಲಿ ಜನಕಪುರದ ಶಾಸಕರೂ ಇರುತ್ತಾರೆ, ಅವರ ಕ್ಷೇತ್ರಗಳಲ್ಲಿ 2007ರ, 2015ರ ಗೋಲಿಬಾರಿನಲ್ಲಿ ಸತ್ತವರ ಮನೆಗಳಿವೆ. ಹಾಗಾಗಿ ಬೆಂಗಳೂರಿನ ಯಾವುದೋ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವ ನೇಪಾಳಿ ಹುಡುಗನಿಗೆ ಪ್ರಾಂತ್ಯ ಬೇಕಾ ಅಂತ ಕೇಳಿದರೆ, ಉತ್ತರ ಅವನು ಗುಡ್ಡದವನೋ ಬಯಲಿನವನೋ ಅನ್ನುವುದರ ಮೇಲೆ ಬದಲಾಗಬಹುದು.